ಬೇರೆ ಮೇಜು

ವಾಲುಸಿಂಬಿ ಕಾರಿನೊಳಗಿನ ಕನ್ನಡಿಯನ್ನು ಛಾವಣಿ ಮಾತ್ರ ಕಾಣುವ ಹಾಗೆ ಮೇಲಕ್ಕೆ ತಿರುಗಿಸಿಟ್ಟಿದ್ದ. ಅತ್ತೆ ಎಸೆಜಾ ಹಿಂದಿನ ಸೀಟಿನಲ್ಲಿದ್ದಾಗಲೆಲ್ಲ ಅವನು ಹಾಗೆಯೇ ಮಾಡುತ್ತಿದ್ದ. ಬುಗಾಂಡಾದ ಪದ್ಧತಿಯಂತೆ ಅತ್ತೆಯ ಕಣ್ಣೂ ಅಳಿಯನ ಕಣ್ಣೂ ಅಪ್ಪಿತಪ್ಪಿಯೂ ಆ ಅಂಗೈಯಗಲದ ಗಾಜಿನಲ್ಲಿ ಕೂಡಬಾರದು. ಕಂಪಾಲಾದ ಶನಿವಾರದ ಸಂಜೆ, ಎರಡೂ ಕಡೆಯಿಂದ ಬಾಡಿಗೆ ಬೈಕುಗಳು ನೊಣಗಳಂತೆ ಮುತ್ತುತ್ತಿದ್ದರೂ, ಹಿಂದೆ ಏನು ಬರುತ್ತಿದೆ ಎಂಬುದನ್ನು ದೇವರಿಗೂ ಪಕ್ಕದ ಕನ್ನಡಿಗಳಿಗೂ ಬಿಟ್ಟು ಅವನು ನೆಮ್ಮದಿಯಿಂದ ಓಡಿಸುತ್ತಿದ್ದ. ಇಂಥ ಅಳಿಯ ಮಸಾಕಾದ ನಮ್ಮ ಚರ್ಚಿನಲ್ಲಿ ಇನ್ನೊಬ್ಬಳಿಗೆ ಸಿಕ್ಕಿಲ್ಲ ಎಂದು ಎಸೆಜಾ ಮೊದಲೆಲ್ಲ ಅಂದುಕೊಳ್ಳುತ್ತಿದ್ದಳು. ಈಗಲೂ ಅಂದುಕೊಂಡಳು. ಆ ಮಾತು ಮನಸ್ಸಿನಲ್ಲಿ ಮುಗಿಯುವ ಮೊದಲೇ ಬಲಗೈ ತನ್ನ ಕೆಲಸ ಶುರುಮಾಡಿತು: ಹೆಬ್ಬೆರಳು ತೋರುಬೆರಳನ್ನು ಸವರುತ್ತ, ಯಾರಿಗೋ ಕಾಳು ಎಣಿಸಿಕೊಡುವ ಹಾಗೆ. ಅವಳು ಕೈಚೀಲವನ್ನು ಅದರ ಮೇಲೆ ಹೇರಿದಳು. ಚೀಲ ನಡುಗಿತು.

"ಅಜ್ಜೀ, ಚೀಲದಲ್ಲಿ ಫೋನ್ ಬರ್ತಿದೆ," ಎಂದಳು ಪಕ್ಕದಲ್ಲಿದ್ದ ಮೊಮ್ಮಗಳು ಮಿರೆಂಬೆ.

"ಬರಲಿ ಬಿಡು. ನಿಮ್ಮಜ್ಜ ಸ್ವರ್ಗದಿಂದ ಮಾಡ್ತಿರಬೇಕು, ಊಟ ಆಯ್ತಾ ಅಂತ."

ಮುಂದಿನ ಸೀಟಿನಲ್ಲಿದ್ದ ಮಗಳು ನಂತೇಜಾ ನಕ್ಕಳು. ಅಳಿಯನ ಕಿವಿ ಸ್ವಲ್ಪ ಹಿಂದಕ್ಕೆ ಸರಿಯಿತು; ಅವನೂ ನಕ್ಕ ಎಂದು ಅರ್ಥ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನ ಎಡಗಿವಿ, ಕತ್ತಿನ ಮಡಿಕೆ, ಅಂಗಿಯ ಕಾಲರು, ಇಷ್ಟೇ ಅವಳಿಗೆ ಪರಿಚಯ. ಮುಖವನ್ನು ಫೋಟೋದಲ್ಲಿ ನೋಡಿ ತಿಳಿದಿದ್ದಳು. ಎರಡು ದಿನದ ಈ ತಿರುಗಾಟ ಮಗಳ ಯೋಜನೆ. ಅಮ್ಮ ಬಿದ್ದು ಎದ್ದ ಮೇಲೆ ಮನೆಬಿಟ್ಟು ಹೊರಟಿಲ್ಲ, ನಾಲ್ಕು ಜನರ ನಡುವೆ ಕೂತು ಉಂಡಿಲ್ಲ, ಕಂಪಾಲಾಕ್ಕೆ ಕರೆದೊಯ್ದು ಒಳ್ಳೆಯ ಊಟ ಹಾಕಿಸಿ ಬ್ಯಾಂಡು ಕೇಳಿಸಿದರೆ ಜೀವ ಚಿಗುರುತ್ತದೆ. ನಿನ್ನೆ ಬಟ್ಟೆಯಂಗಡಿ, ಇವತ್ತು ಬೆಳಿಗ್ಗೆ ತಲೆಗೂದಲು, ಈಗ ಊಟ. ಎಲ್ಲ ಸರಿಯೇ. ಬಟ್ಟೆಯಂಗಡಿಯಲ್ಲಿ ಗುಂಡಿ ಹಾಕಲು ಆಗದೆ ಎಸೆಜಾ ಆ ಬಟ್ಟೆ ತನಗೆ ಒಪ್ಪುವುದಿಲ್ಲ ಎಂದಿದ್ದಳು. ಚಂದದ ಹಸಿರು ಬಣ್ಣವಿತ್ತು. ಆ ಹಸಿರು ಈಗ ನೆನಪಾಗಿ, ಅದರ ಹಿಂದೆಯೇ ಬಚ್ಚಲಿನ ಪಾಚಿಯ ಹಸಿರು ಬಂತು. ಜುಲೈ ತಿಂಗಳು, ನೆಲಕ್ಕೆ ಕೆನ್ನೆ ತಾಗಿಸಿಕೊಂಡು ತಾನು, ಸೊಂಟ ಎತ್ತಲಾರದೆ, ಹೊರಗೆ ಮಾವಿನ ಮರದ ಕೆಳಗಿನಿಂದ, ಅಳಿಯಂದಿರು ನಿಲ್ಲಬೇಕಾದ ಜಾಗದಿಂದಲೇ, "ಅತ್ತೆಯವರೇ, ತಗಡು ತಂದಿದ್ದೀನಿ, ಇಳಿಸಿ ಹೋಗ್ತೀನಿ" ಎನ್ನುವ ಅವನ ದನಿ. ಅವಳು ಉತ್ತರಿಸಿರಲಿಲ್ಲ. ನರಳಿದ್ದಳು, ಅಷ್ಟೆ. ಅವನು ಒಳಗೆ ಬಂದ. ಕಣ್ಣು ಮುಚ್ಚಿಕೊಂಡೇ ಬಂದಿರಬೇಕು, ಬಾಗಿಲಿಗೆ ತಲೆ ಹೊಡೆದುಕೊಂಡ ಸದ್ದಾಯಿತು. ಆಮೇಲೆ ಎರಡು ತೋಳು, ಕೆನ್ನೆಗೆ ಒತ್ತಿದ ಅಂಗಿಯ ಗುಂಡಿ, ಡೀಸೆಲ್ಲಿನ ವಾಸನೆ. ನಾಚಿಕೆಯಾಗಬೇಕಿತ್ತು, ಆಗಿದ್ದು ಬರೀ ಆಶ್ಚರ್ಯ, ನಾನು ಇಷ್ಟು ಹಗುರವೇ ಎಂದು. ಬೇಲಿಯ ಹತ್ತಿರ ಅಕ್ಕಪಕ್ಕದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದರು. ಬುಗಾಂಡಾದ ಒಬ್ಬ ಗಂಡಸು ಹೆಂಡತಿಯ ತಾಯಿಯನ್ನು ಎದೆಗಪ್ಪಿಕೊಂಡು ಹಾಡಹಗಲೇ ಅಂಗಳ ದಾಟಿದ್ದ.

ಸೊಂಟ ಬೇಗ ವಾಸಿಯಾಯಿತು. ಕೈ ಮಾತ್ರ ಎಲ್ಲರ ಕಣ್ಣಿಗೆ ಬಿತ್ತು. ನಾದಿನಿ ಯೂನಿಯಾ, ಮನೆತನದ ರೀತಿನೀತಿಯ ಬೀಗದಕೈ ಇಟ್ಟುಕೊಂಡವಳು, ಒಂದು ನೋಟದಲ್ಲೇ ತೀರ್ಪು ಕೊಟ್ಟಳು: ಇದು ಒಬುಕೊ. ಅತ್ತೆ ಅಳಿಯ ಒಬ್ಬರನ್ನೊಬ್ಬರು ಮುಟ್ಟಿದರೆ ಬರುವ ನಡುಕ. ಇವತ್ತು ಅವಳಿಗೆ, ನಾಳೆ ಅವನಿಗೂ. ಬರುವ ಶನಿವಾರ ಕುಲದ ಹಿರಿಯರು ಕೂರುತ್ತಾರೆ, ವಾಲುಸಿಂಬಿ ಅವರೆದುರು ತಪ್ಪೊಪ್ಪಿಕೊಳ್ಳಬೇಕು, ಆಮೇಲೆ ಶುದ್ಧಿ. ಅವನು ಮಾವಿನ ಮರದ ಕೆಳಗೆ ನಿಂತು, ತಲೆ ತಗ್ಗಿಸಿ, "ತಪ್ಪಾಯ್ತು" ಎಂದಿದ್ದ. ಎಸೆಜಾ ಕಿಟಕಿಯ ಹಿಂದೆ ಕೂತು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಸುಮ್ಮನಿದ್ದಳು. ಯಾಕೆಂದರೆ ಅವಳಿಗೆ ಗೊತ್ತಿತ್ತು: ಈಸ್ಟರ್ ಹಬ್ಬದ ಬೆಳಿಗ್ಗೆ, ಚರ್ಚಿನಲ್ಲಿ ಹಾಡಲು ನಿಂತಾಗ, ಹಾಡಿನ ಪುಸ್ತಕದ ಹಾಳೆ ಗಾಳಿಯಿಲ್ಲದೆ ಪಟಪಟನೆ ಬಡಿದುಕೊಂಡಿತ್ತು. ಬೀಜ ಕೊಳ್ಳಲು ಹೋಗುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಡಾಕ್ಟರ ಬಳಿ ಹೋಗಿಯೂ ಬಂದಿದ್ದಳು. ಅವನು ಎತ್ತಿಕೊಂಡದ್ದು ಅದೆಷ್ಟೋ ದಿನಗಳ ಮೇಲೆ.

ಹೊಟೇಲು ಮುಯೆಂಗಾ ಗುಡ್ಡದ ಇಳಿಜಾರಿನಲ್ಲಿತ್ತು. ಒಂದು ಗೋಡೆಯಿಡೀ ಗಾಜು, ಗಾಜಿನಾಚೆ ಕತ್ತಲಾಗುತ್ತಿರುವ ಊರು, ಇನ್ನೊಂದು ಕಡೆ ಬ್ಯಾಂಡಿನವರು ತಂತಿ ಬಿಗಿಯುತ್ತಿದ್ದರು. ನಂತೇಜಾ ಮೊದಲೇ ಫೋನು ಮಾಡಿ ಎರಡು ಮೇಜು ಹೇಳಿಟ್ಟಿದ್ದಳು: ಒಂದು ಮೂವರಿಗೆ, ಒಂದು ಒಬ್ಬರಿಗೆ, ಆ ಒಬ್ಬರು ಮೂವರಿಗೆ ಬೆನ್ನು ಹಾಕಿ ಕೂರುವಂತೆ. ಎಸೆಜಾ ರಾಣಿಯ ಹಾಗೆ ಹೋಗಿ ಕೂತಳು. ಬೇರೆ ಮೇಜು ಅವಳಿಗೆ ಅವಮಾನವಲ್ಲ, ಅದು ಅವಳ ಹಕ್ಕು. ಅದಕ್ಕಿಂತ ಹೆಚ್ಚಾಗಿ, ಇವತ್ತು ಅದೊಂದು ಮರೆ. ಇಲ್ಲಿ ಗಾಜಿನ ಕಡೆ ಮುಖ ಮಾಡಿ ಕೂತರೆ ಕೈ ಏನು ಮಾಡುತ್ತದೆಂದು ಕಂಪಾಲಾದ ದೀಪಗಳಿಗೆ ಮಾತ್ರ ಗೊತ್ತು. ಒಂದು ಊಟ, ಮರ್ಯಾದೆಯಿಂದ ಒಂದೇ ಒಂದು ಊಟ ಮಾಡಿ ಎದ್ದರೆ ಗೆದ್ದ ಹಾಗೆ ಎಂದು ಲೆಕ್ಕ ಹಾಕಿಕೊಂಡಿದ್ದಳು.

ಎರಡು ಮೇಜಿನ ನಡುವೆ ಮಾತು ಸಾಗಿಸುವ ಕೆಲಸ ಮಿರೆಂಬೆಯದು. ಅವಳು ಓಡಿ ಬಂದಳು.

"ಅಜ್ಜೀ, ಅಪ್ಪ ಅಂದ್ರು, ಬೆಲೆ ತುಂಬಾ ಜಾಸ್ತಿ ಇದೆಯಂತೆ, ನೀವು ನೋಡಬಾರದಂತೆ."

ಹಿಂದಿನಿಂದ ನಂತೇಜಾ ಕೂಗಿದಳು: "ಏ ಕತ್ತೆ! ಏನ್ ಬೇಕಾದ್ರೂ ತಗೊಳ್ಳಲಿ, ಬೆಲೆ ನೋಡೋದು ಬೇಡ ಅಂದಿದ್ದು ಅಪ್ಪ!"

"ನಿಮ್ಮಪ್ಪನಿಗೆ ಹೇಳು, ನಾನು ಬೆಲೆ ನೋಡಲ್ಲ, ಕನ್ನಡಕ ತಂದಿಲ್ಲ."

ಮಿರೆಂಬೆ ಓಡಿದಳು. "ಅಪ್ಪಾ, ಅಜ್ಜಿಗೆ ಕನ್ನಡಕ ಬೇಕಂತೆ!"

ಅವಳಿಗೆ ಬೇಕಾಗಿದ್ದದ್ದು ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ ಕೋಳಿ. ಎಲೆಯ ಗಂಟು ಬಿಚ್ಚುವಾಗ ಏಳುವ ಆ ಹೊಗೆ, ಕಡಲೆಕಾಯಿಯ ಸಾರು. ಅವಳ ತಾಯಿ ಕೋಳಿ ಗಂಡಸರದ್ದೆಂದು ಸಾಯುವವರೆಗೂ ಮುಟ್ಟಿರಲಿಲ್ಲ. ಎಸೆಜಾ ಮದುವೆಯಾದ ವರ್ಷವೇ ಗಂಡನ ಎದುರು ಕೂತು ಕಾಲು ಚೀಪಿದ್ದಳು, ಅತ್ತೆಯ ಮನೆಯವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು, ಆಕಾಶವೇನೂ ಕಳಚಿ ಬೀಳಲಿಲ್ಲ. ಬೇಡವೆನಿಸಿದ ಕಟ್ಟನ್ನು ಮುರಿಯುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ. ಬೇಕಾದ ಕಟ್ಟನ್ನು ಇಟ್ಟುಕೊಳ್ಳುವುದೂ. ಈ ಎರಡನೆಯ ಮಾತು ಎಲ್ಲಿಂದಲೋ ಬಂದು ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತಿತು. ಆದರೆ ಈ ಕೈಯಲ್ಲಿ ಸಾರು ಚೆಲ್ಲುತ್ತದೆ, ಚಮಚ ಬಟ್ಟಲಿಗೆ ಬಡಿಯುತ್ತದೆ. ಅವಳು ಹುರಿದ ಆಡಿನ ಮಾಂಸ ಮತ್ತು ಸುಟ್ಟ ಬಾಳೆಹಣ್ಣು ಹೇಳಿದಳು, ಬೆರಳಲ್ಲಿ ಹಿಡಿಯಬಹುದು. ಬಂದಮೇಲೆ ಎಡಗೈಯಲ್ಲಿ ಹಿಡಿದಳು. ಟೀಚರಾಗಿದ್ದಾಗ ಶಾಲೆಯಲ್ಲಿ ಎಡಗೈಯಲ್ಲಿ ತಿಂದ ಮಕ್ಕಳ ಗೆಣ್ಣಿಗೆ ಅವಳೇ ಅಡಿಕೋಲಿನಿಂದ ಬಾರಿಸಿದ್ದುಂಟು. ಕುಣಿತ ಕಲಿಸುವಾಗಲೂ ಹಾಗೆಯೇ: ಸೊಂಟ ಬಿರುಗಾಳಿಯಾಗಲಿ, ಕೈ ಮಾತ್ರ ನಿಂತ ನೀರಾಗಿರಬೇಕು, ಎಂದು ಮೂವತ್ತು ವರ್ಷ ಕಿರುಚಿದ್ದಳು. ಈಗ ಸೊಂಟ ಮರದ ದಿಮ್ಮಿ, ಬಿರುಗಾಳಿ ಕೈಗೆ ಬಂದಿದೆ. ಅವಳಿಗೆ ಒಮ್ಮೆಲೇ ನಗು ಬಂತು. ಒಬ್ಬಳೇ ನಕ್ಕಳು.

ಬಡಿಸುವ ಹುಡುಗಿ ಅದನ್ನು ನೋಡಿಬಿಟ್ಟಳು. ಉದ್ದನೆಯವಳು, ಉತ್ತರದ ಗುಲು ಕಡೆಯವಳೆಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಎದೆಯ ಮೇಲೆ ಲಾಕೊತ್ ಎಂಬ ಹೆಸರಿನ ಪಟ್ಟಿ.

"ಅಮ್ಮಾ, ಒಬ್ರೇ ಯಾಕೆ ಕೂತಿದ್ದೀರ? ಆ ಮೇಜಿನೋರು ನಿಮ್ಮೋರೇ ಅಲ್ವಾ?"

"ನಮ್ಮೋರೇ."

"ಜಗಳಾನಾ?"

"ಇಲ್ಲ ಮಗಳೇ. ಮರ್ಯಾದೆ."

"ಇದ್ಯಾವ ಸೀಮೆ ಮರ್ಯಾದೆ," ಎಂದು ಗೊಣಗಿದ ಲಾಕೊತ್ ಎಸೆಜಾ ತಡೆಯುವ ಮೊದಲೇ ಆ ಕಡೆ ನಡೆದಳು. ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು: ಊರಿನ ದೀಪಗಳ ಮೇಲೆ ಅಚ್ಚಾದಂತೆ ಮೂವರ ಮೇಜು, ಹುಡುಗಿಯ ಬೆನ್ನು, ತಲೆಯೆತ್ತಿದ ಅಳಿಯ.

"ಸಾರ್, ತಪ್ಪು ತಿಳೀಬೇಡಿ. ನಮ್ಮ ಕಡೆ ವಯಸ್ಸಾದ ತಾಯೀನ ಮೂಲೇಲಿ ಕೂರಿಸಿ ನಾವು ಮೀನು ತಿನ್ನಲ್ಲ."

ಪಕ್ಕದಲ್ಲಿ ನೈರೋಬಿಯಿಂದ ಬಂದ ಗುಂಪೊಂದು ಹುಟ್ಟುಹಬ್ಬ ಮಾಡುತ್ತಿತ್ತು. ಅವರೆಲ್ಲ ತಿರುಗಿ ನೋಡಿದರು. ಒಬ್ಬ ದಪ್ಪನೆಯವನು ನಾಲಿಗೆ ಲೊಚಗುಟ್ಟಿದ.

"ಅವರು ಇವರ ತಾಯಿ ಅಲ್ರೀ, ನನ್ನ ತಾಯಿ!" ಎಂದಳು ನಂತೇಜಾ.

"ಹಾಗಾದ್ರೆ ಇನ್ನೂ ಕೆಟ್ಟದು ಮೇಡಂ."

ವಾಲುಸಿಂಬಿ ಹೇಳಬಹುದಿತ್ತು. ಇದು ನಮ್ಮ ಪದ್ಧತಿ, ನಿನಗೆ ಗೊತ್ತಿಲ್ಲ ಎಂದು ಒಂದು ಮಾತು. ಕಲ್ಲುಗಣಿಯಲ್ಲಿ ನಲವತ್ತು ಜನರಿಗೆ ಕೆಲಸ ಹೇಳುವ ಗಂಡಸು. ಅವನು ತಲೆ ತಗ್ಗಿಸಿ, "ತಪ್ಪಾಯ್ತಮ್ಮ" ಎಂದ. ಮಾವಿನ ಮರದ ಕೆಳಗಿನ ದನಿಯೇ, ಒಂದು ಎಳೆಯೂ ಆಚೀಚೆಯಿಲ್ಲ. ಎಸೆಜಾ ಬಾಯಲ್ಲಿದ್ದ ಮಾಂಸವನ್ನು ಅಗಿಯುವುದು ನಿಲ್ಲಿಸಿದಳು. ಈ ಮನುಷ್ಯ ನನ್ನ ಸಲುವಾಗಿ ಎಷ್ಟು ಸಲ ತಪ್ಪಾಯ್ತು ಎನ್ನಬೇಕು? ಆದರೆ ನಾನೇನು ಹೇಳಿಸಿದೆನೇ, ಎಂದು ಅವಳೊಳಗಿನ ಟೀಚರು ಕೂಡಲೇ ಎದ್ದು ನಿಂತಳು. ಒಬುಕೊ ಎಂದವಳು ಯೂನಿಯಾ. ಹೌದು ಎಂದವನು ಅವನು. ನಾನು ಬಾಯಿ ತೆರೆದೇ ಇಲ್ಲ. ಬಾಯಿ ತೆರೆದೇ ಇಲ್ಲ ಎನ್ನುವುದನ್ನು ತರಗತಿಯಲ್ಲಿ ಎಷ್ಟು ಮಕ್ಕಳ ಬಾಯಲ್ಲಿ ಕೇಳಿಲ್ಲ, ಕೇಳಿ ಎಷ್ಟು ಮಕ್ಕಳಿಗೆ ಎರಡೇಟು ಹೆಚ್ಚು ಹಾಕಿಲ್ಲ.

ಬ್ಯಾಂಡು ಶುರುವಾಯಿತು. ಮಿರೆಂಬೆ ಅಮ್ಮನ ಕೈ ಜಗ್ಗಿ ಕುಣಿಯುವವರ ನಡುವೆ ಎಳೆದುಕೊಂಡು ಹೋದಳು. ಅಪ್ಪನ ಕೈಯನ್ನೂ ಹಿಡಿಯಲು ಹೋದಳು, ಅವನು ಕೈ ಹಿಂದಕ್ಕೆಳೆದು ತಲೆಯಾಡಿಸಿದ. ಮೇಜಿನಲ್ಲಿ ಅವನೊಬ್ಬನೇ. ಅವನು ಕಳ್ಳತನಕ್ಕೆ ಹೊರಟವನ ಹಾಗೆ ಎರಡೂ ಕಡೆ ನೋಡಿದ್ದು ಗಾಜಿನಲ್ಲಿ ಕಂಡಿತು. ಕೈ ಒರೆಸುವ ಕಾಗದವೊಂದನ್ನು ತೆಗೆದುಕೊಂಡ. ಬಲಗೈಯನ್ನು ತಟ್ಟೆಯ ಮೇಲೆ ನೇರವಾಗಿ ಚಾಚಿ, ಬೆರಳುಗಳ ಬೆನ್ನಿನ ಮೇಲೆ ಆ ಕಾಗದವನ್ನು ಹರಡಿ, ಅದನ್ನೇ ನೋಡುತ್ತ ಕೂತ. ಉಸಿರಾಡುತ್ತಿರಲಿಲ್ಲ. ಕಾಗದ ಅಲುಗಾಡುತ್ತದೆಯೇ ಎಂದು ನೋಡುತ್ತಿದ್ದ. ಮಸಾಕಾದ ಆ ಎಳೆಯ ಡಾಕ್ಟರು ಎಸೆಜಾಳ ಕೈಮೇಲೂ ಹೀಗೇ ಒಂದು ಹಾಳೆ ಹಾಸಿದ್ದ. ಅಂದರೆ ಇವನೂ ಯಾರನ್ನೋ ಕೇಳಿದ್ದಾನೆ, ಎಲ್ಲೋ ಹೋಗಿದ್ದಾನೆ. ಪ್ರತಿ ರಾತ್ರಿ ಹೆಂಡತಿ ಮಲಗಿದ ಮೇಲೆ ಬಚ್ಚಲಿನಲ್ಲಿ ನಿಂತು ಇದನ್ನೇ ಮಾಡುತ್ತಾನೋ ಏನೋ. ಬ್ಯಾಂಡಿನ ಡೋಲಿಗೆ ಮೇಜು ಅದುರಿ ಕಾಗದದ ಅಂಚು ಮಿಡುಕಿತು. ಅವನ ಭುಜ ಕುಸಿದದ್ದು ಇಷ್ಟು ದೂರಕ್ಕೂ ಕಂಡಿತು.

ಡೋಲು ಕಣೋ, ಬರೀ ಡೋಲು, ಎಂದು ಅವಳು ಗಾಜಿಗೆ ಹೇಳಿದಳು.

ನಿಜವನ್ನು ಹೇಳಿದರೆ ಏನು ಹೋಗುತ್ತದೆ? ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಡುಕ ಯಾರದೋ ತಪ್ಪಿನಿಂದ ಬಂದದ್ದಾದರೆ ತಪ್ಪು ತೊಳೆದ ದಿನ ಅದು ಹೋಗಲೂಬಹುದು. ಕುಲದ ಹಿರಿಯರು, ಯೂನಿಯಾಳ ಸೊಪ್ಪುಸದೆ, ನೀರು, ಮಂತ್ರ; ನಂಬದಿದ್ದರೂ ಅವಳು ಆ ಶನಿವಾರಕ್ಕೆ ಕಾಯುತ್ತಿದ್ದಳು. ಒಬುಕೊ ಅಲ್ಲ ಎಂದ ಕೂಡಲೆ ಉಳಿಯುವುದು ಡಾಕ್ಟರ ಮಾತೊಂದೇ. ಅಂದರೆ ಇಷ್ಟು ದಿನ ಅವಳು ಅಳಿಯನ ಮರ್ಯಾದೆಯನ್ನು ಕಾಯುತ್ತಿರಲಿಲ್ಲ, ತನ್ನ ಮರ್ಯಾದೆಯನ್ನೂ ಅಲ್ಲ. ಒಂದು ಸಣ್ಣ ಆಸೆಗೆ ಅವನ ತಲೆಯನ್ನು ಅಡವಿಟ್ಟಿದ್ದಳು.

ಎದ್ದಳು. ಕೈಚೀಲವನ್ನು ಕುರ್ಚಿಯಲ್ಲೇ ಬಿಟ್ಟು, ಕೈಯನ್ನು ಅದರ ಪಾಡಿಗೆ ಬಿಟ್ಟು, ಎರಡು ಮೇಜಿನ ನಡುವಿನ ನೆಲವನ್ನು ದಾಟಿದಳು. ತರಗತಿಯೊಳಗೆ ನಡೆಯುತ್ತಿದ್ದ ನಡಿಗೆಯೇ. ನಂತೇಜಾಳ ಕುರ್ಚಿ ಎಳೆದು ಅಳಿಯನ ಎದುರಿಗೆ ಕೂತಳು.

ವಾಲುಸಿಂಬಿ ಚಿಮ್ಮಿ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಊಟದ ಪಟ್ಟಿಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದ. "ಅತ್ತೆಯವರೇ! ಏನಾದ್ರೂ ಬೇಕಿದ್ರೆ ಮಗು ಹತ್ರ ಹೇಳಿ ಕಳಿಸಿ. ಜನ ಇದಾರೆ."

"ಇಲ್ಲಿರೋರು ಯಾರಿಗೂ ನಾವ್ಯಾರು ಅಂತ ಗೊತ್ತಿಲ್ಲ. ಕೂತ್ಕೋಪ್ಪ."

"ನನ್ನಿಂದ ಆಗಲ್ಲ."

"ಹಾಗಾದ್ರೆ ನಿಂತೇ ಕೇಳು. ನನ್ನ ಕೈ ನಡುಗೋಕೆ ಶುರುವಾಗಿದ್ದು ಈಸ್ಟರ್ ಹಬ್ಬದಲ್ಲಿ."

ಪಟ್ಟಿ ಅಲ್ಲಾಡಲಿಲ್ಲ. ಅದರ ಮೇಲೆ ಬಾಳೆಲೆ ಕೋಳಿಯ ಚಿತ್ರವಿತ್ತು. ಅದರ ಹಿಂದಿನಿಂದ ದನಿ ಬಂತು. "ಈಸ್ಟರ್‌ನಲ್ಲಾ?"

"ಹೂಂ."

"ನಾನು ಎತ್ಕೊಂಡಿದ್ದು ಜುಲೈನಲ್ಲಿ."

"ಹೌದು."

"ನಿಮಗೆ ಗೊತ್ತಿತ್ತಾ?"

"ಡಾಕ್ಟರಿಗೂ ತೋರಿಸಿದ್ದೆ. ನನ್ನ ತಪ್ಪು. ನಿನ್ನದು ಎಳ್ಳಷ್ಟೂ ಇಲ್ಲ."

ಪಟ್ಟಿ ಕೆಳಗಿಳಿಯಿತು. ಅವನ ಮುಖವನ್ನು ಅವಳು ಎದುರೆದುರು ನೋಡಿದ್ದು ಅದೇ ಮೊದಲು. ಫೋಟೋದಲ್ಲಿರುವುದಕ್ಕಿಂತ ವಯಸ್ಸಾಗಿತ್ತು. ಹುಬ್ಬಿನ ಮೇಲೆ ಗಾಯದ ಕಲೆ. ಬಚ್ಚಲಿನ ಬಾಗಿಲಿನದೇ ಇರಬೇಕು. ಅವನು ಕಣ್ಣು ಕೀಳದೆ ನೋಡಿದ. ಸಿಟ್ಟು ಅವನಿಗೆ ಆ ಧೈರ್ಯ ಕೊಟ್ಟಿತ್ತು. ಅಳಿಯನ ಕಣ್ಣು ಹೀಗೆ ನೆಟ್ಟರೆ ಅತ್ತೆಯಾದವಳು ಮುಸುಕೆಳೆದುಕೊಳ್ಳಬೇಕು, ಎಸೆಜಾ ಎಳೆದುಕೊಳ್ಳಲಿಲ್ಲ. ನೋಡಲಿ, ಇದು ಅವನ ಪಾಲಿನದು.

"ನಾನು ಮಗಳನ್ನ ಎತ್ಕೊಂಡಿಲ್ಲ," ಎಂದ. "ಅವತ್ತಿಂದ ಒಂದ್ ಸಲಾನೂ. ಈ ಕೈ ಅವಳಿಗೂ ಏನಾದ್ರೂ ಅಂಟಿಸಿಬಿಟ್ರೆ ಅಂತ. ಓಡಿ ಬರ್ತಾಳೆ, ನಾನು ಬೆನ್ನು ನೋವು ಅಂತೀನಿ. ನಿಮಗೆ ಗೊತ್ತಿತ್ತಾ ಇದು?"

"ಇಲ್ಲಪ್ಪ."

"ಯೂನಿಯಾ ಅತ್ತೆಗೆ ಯಾರು ಹೇಳ್ತಾರೆ? ಬರೋ ಶನಿವಾರ ಅಷ್ಟು ಜನ ಕೂರ್ತಾರೆ."

"ನಾನೇ. ನಾಳೆ ಚರ್ಚು ಬಿಡೋ ಹೊತ್ತಿಗೆ ಊರಲ್ಲಿರ್ತೀವಲ್ಲ, ಬಾಗಿಲಲ್ಲೇ ಹೇಳ್ತೀನಿ. ಗಟ್ಟಿಯಾಗಿ. ನನ್ನ ದನಿ ನಿನಗೆ ಗೊತ್ತಲ್ಲ."

ಅವನು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಹೊರಗೆ ನಡೆದ. ಎಸೆಜಾ ಅಲ್ಲೇ ಕೂತಳು. ಕೈ ಮೇಜಿನ ಮೇಲಿತ್ತು. ಅವನ ಚಮಚಕ್ಕೆ ತಾಗಿ ಚಮಚ ತಟ್ಟೆಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು, ನೈರೋಬಿಯ ದಪ್ಪನೆಯವನು ಅದನ್ನೇ ನೋಡುತ್ತಿದ್ದ. ಅವಳು ಅವನನ್ನು ತಿರುಗಿ ನೋಡಿದಳು. ಅವನು ಕೇಕಿನ ಕಡೆ ತಿರುಗಿದ. ಲಾಕೊತ್ ದೂರದಿಂದಲೇ ಹಿಗ್ಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದಳು, ತಾಯಿಯನ್ನು ಕೊನೆಗೂ ಮೂಲೆಯಿಂದ ಎಬ್ಬಿಸಿದೆನೆಂದು.

ನಂತೇಜಾ ಬೆವರುತ್ತ ಬಂದವಳು ಅರ್ಧದಲ್ಲೇ ನಿಂತಳು. "ಅಮ್ಮಾ! ಇದೇನು, ಈ ಮೇಜಿಗೆ... ಮಿರೆಂಬೆ ಅಪ್ಪ ಎಲ್ಲಿ?"

"ಹೊರಗೆ. ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದಾರೆ. ಮಾಡ್ಕೊಳ್ಳಲಿ, ನ್ಯಾಯವಾದ ಸಿಟ್ಟು. ಕೂತ್ಕೋ, ನಿನಗೂ ಹೇಳೋದಿದೆ."

ಹೇಳಿದಳು. ಎರಡನೆಯ ಸಲ ಮಾತು ಸುಲಭವಾಗಿ ಬಂತು. ಮಗಳು ಕೇಳುತ್ತ ಕೇಳುತ್ತ ಬಾಯಿಯ ಮೇಲೆ ಕೈಯಿಟ್ಟುಕೊಂಡಳು, ಬೈಯಲು ಹೊರಟಳು, ಅಳಲು ಹೊರಟಳು, ಕೊನೆಗೆ ಎರಡನ್ನೂ ಮಾಡದೆ ತಾಯಿಯ ತಟ್ಟೆಯನ್ನು ಆ ಮೇಜಿನಿಂದ ಇಲ್ಲಿಗೆ ತಂದಿಟ್ಟಳು. ಅಷ್ಟರಲ್ಲಿ ವಾಲುಸಿಂಬಿ ಒಳಗೆ ಬಂದ. ಬಾಗಿಲಲ್ಲಿ ನಿಂತು ತನ್ನ ಮೇಜನ್ನು ನೋಡಿದ. ಅಲ್ಲಿ ಅತ್ತೆ ಇದ್ದಳು. ನೇರವಾಗಿ ಗಾಜಿನ ಕಡೆಯ ಒಂಟಿ ಮೇಜಿಗೆ ಹೋಗಿ, ಅವಳ ಕೈಚೀಲವನ್ನು ಮುಟ್ಟದೆ ಪಕ್ಕದ ಕುರ್ಚಿ ಎಳೆದುಕೊಂಡು, ಇವರಿಗೆ ಬೆನ್ನು ಮಾಡಿ ಕೂತ. ಒಂದು ಬಿಯರು ಹೇಳಿದ. ಅದು ಪದ್ಧತಿಯೋ ಸಿಟ್ಟೋ ಎಸೆಜಾಳಿಗೆ ತಿಳಿಯಲಿಲ್ಲ, ಬಹುಶಃ ಅವನಿಗೂ. ಅವಳ ಎಲ್ಲ ವಿದ್ಯೆಯೂ ಆ ಕತ್ತಿನ ಮಡಿಕೆಯನ್ನು ಓದುವುದರಲ್ಲಿತ್ತು, ಇವತ್ತು ಅಲ್ಲಿ ಏನೂ ಬರೆದಿರಲಿಲ್ಲ. ಓಡಿಹೋಗಿ ಅವನ ಪಕ್ಕದಲ್ಲಿ ನಿಂತ ಮಿರೆಂಬೆಯ ಕಡೆ ಅವನು ಬಾಗಿದ. ಏನೋ ಹೇಳಿದ. ತಡೆದು, ಇನ್ನೊಮ್ಮೆ ಹೇಳಿ, ಅವಳ ಬಾಯಿಂದ ಹೇಳಿಸಿ ನೋಡಿದ ಹಾಗೆ ಕಂಡಿತು.

ಮಿರೆಂಬೆ ಈ ಸಲ ಓಡಲಿಲ್ಲ. ತುಂಬಿದ ಲೋಟ ತರುವವಳ ಹಾಗೆ ಮೆಲ್ಲನೆ ನಡೆದು ಬಂದಳು.

"ಅಜ್ಜೀ, ಅಪ್ಪ ಕೇಳ್ತಿದಾರೆ. ಡಾಕ್ಟರು ಏನಂದ್ರು?"

ನಂತೇಜಾ ತಾಯಿಯ ಮುಖ ನೋಡಿದಳು. ಈ ಮಾತನ್ನು ಎಸೆಜಾ ಇದುವರೆಗೆ ಗೋಡೆಗೂ ಹೇಳಿರಲಿಲ್ಲ.

"ಮಾತ್ರೆ ತಗೊಂಡ್ರೆ ಹತೋಟೀಲಿ ಇರತ್ತೆ ಅಂದ್ರು," ಎಂದಳು. "ಹೋಗಲ್ಲ ಅಂದ್ರು ಅಂತ ಹೇಳು. ಹೋಗಲ್ಲ ಅನ್ನೋದನ್ನ ಬಿಡಬೇಡ, ಅದನ್ನೂ ಹೇಳು."